ಭಾವನ ಲಾರಿ ಗಾಳಿ ಎಳೆದ ದಿನ

ಹೋದ ತಿಂಗಳು ಹನೂರಿನ ಪಂಕ್ಚರ್ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಾ ಕುಳಿತಿದ್ದೆ. ಅಂಗಡಿಯವನು ಬಟ್ಟೆ ಸೋಪನ್ನು ನೀರಿನಲ್ಲಿ ಕದಡಿ, ನೊರೆಯನ್ನು ಬೈಕಿನ ಚಕ್ರಕ್ಕೆ ಬಳಿಯುತ್ತಿದ್ದ. ಪಕ್ಕದಲ್ಲೇ ಪೆಟ್ರೋಲ್ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಸೋಪು, ಪೆಟ್ರೋಲು ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದು ನನ್ನ ಕಣ್ಣು ತುಂಬಿಬಂತು. “ಯಾಕಜ್ಜಿ, ಕಣ್ಗೆ ಧೂಳು ಬಿತ್ತಾ?” ಎಂದ. ಹೂಂ ಎಂದೆ. ನಮ್ಮ ಭಾವ ನೆನಪಾದರು ಎಂದರೆ ಅವನಿಗೇನು ತಿಳಿಯಬೇಕು...

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಅರವತ್ತರ ದಶಕದಲ್ಲಿ ನಮ್ಮ ಹೂಗ್ಯಂನಲ್ಲಿ ಲಾರಿ ಇದ್ದದ್ದು ಅವರೊಬ್ಬರಿಗೇ. ಯಳಂದೂರಿನ ಅಕ್ಕಿ ಮಂಡಿಯವರು ಸಾಕಪ್ಪಾ ಸಾಕು ಎಂದು ಕೈಬಿಟ್ಟ ಹಳೆಯ ಪೆಟ್ರೋಲ್ ಲಾರಿ ಅದು. ವರ್ಷಗಟ್ಟಲೆ ಅದರ ಇಂಜಿನ್ನಿನ ಪಕ್ಕ ಕೂತು ಕೂತು ಭಾವನ ಕಿವಿ ಅರ್ಧ ಮಂದವಾಗಿತ್ತು. ಅದನ್ನು ಮಾತ್ರ ಅವರು ಒಪ್ಪುತ್ತಿರಲಿಲ್ಲ. “ನಂಗೆ ಬೇಕಾದ್ದೆಲ್ಲ ಕೇಳ್ತದೆ, ಬುಡಿ” ಎನ್ನುವರು.

ಆಗ ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಅವರು ಬಂದರೆ ನಾನು ಸೆರಗೆಳೆದುಕೊಂಡು ಬಾಗಿಲ ಹಿಂದೆ ಸರಿಯಬೇಕು, ಅವರು ನೆಲ ನೋಡಿಕೊಂಡು ಹೋಗಬೇಕು. ಆದರೆ ಭಾವನ ಬಾಯಿ ಸುಮ್ಮನಿರಬೇಕಲ್ಲ! ನನಗೆ ಹೇಳಬೇಕಾದ್ದನ್ನೆಲ್ಲ ಲಾರಿಗೆ ಹೇಳುತ್ತಿದ್ದರು. ಬಾನೆಟ್ಟಿನ ಮೇಲೆ ಕೈಯಿಟ್ಟು, “ನೋಡವ್ವ ಲಾರಿ, ಇವತ್ತು ಸಾರ್ಗೆ ಉಪ್ಪಾಕದು ಮರ್ತವ್ರೆ. ಆದ್ರೂ ಎರಡು ಮುದ್ದೆ ಇಳೀತು ಕಣವ್ವ” ಎಂದು ಗಟ್ಟಿಯಾಗಿ ಹೇಳುವರು. ನಾನು ಬಾಗಿಲ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ತವರಿನಲ್ಲಿ ಅಣ್ಣತಮ್ಮಂದಿರಿಲ್ಲದ ನನಗೆ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹತ್ತಿರವಾದವರು, ನನ್ನೊಡನೆ ಒಂದು ಮಾತೂ ಆಡದ ಈ ಭಾವನೇ.

ನನ್ನ ತವರು ಧನಗೆರೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಗಂಡನ ಮನೆಯಲ್ಲಿ ಯಾರಿಗೂ ಅದರ ಗಂಧಗಾಳಿ ಇರಲಿಲ್ಲ. ನಾನು ಹಟ ಹಿಡಿದು ಹಿಪ್ಪುನೇರಳೆ ತೋಟ ಹಾಕಿಸಿದೆ. “ಈ ಬೆಳೆ ಕೆಟ್ರೆ ತೋಟ ಕಿತ್ತು ರಾಗಿ ಬಿತ್ತೋದೇಯ” ಎಂದು ಅತ್ತೆ ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಹುಳುವಿಗೆ ತಂಬಾಕಿನ ಗಾಳಿ ಆಗಿಬರುವುದಿಲ್ಲ. ಬೀಡಿಯಿಲ್ಲದೆ ಅರೆಗಳಿಗೆ ಇರದ ಭಾವ, ಹುಳು ಸೊಪ್ಪು ತಿನ್ನುವಷ್ಟು ದಿನವೂ ಬೀಡಿ ಮುಟ್ಟಲಿಲ್ಲ. “ಲಾರಿಯವ್ವ, ಉಳ ಗೂಡು ಕಟ್ಟೋ ಗಂಟ ನಾನೂ ಸನ್ಯಾಸಿ ಕಣೆ” ಎಂದು ಅಂಗಳದಲ್ಲಿ ನಿಂತು ಸಾರಿದ್ದರು.

ಗೂಡು ಚೆನ್ನಾಗಿಯೇ ಬಂತು. ಆದರೆ ಬಿಡಿಸಿದ ಗೂಡನ್ನು ಬೇಗ ಕೊಳ್ಳೇಗಾಲದ ಮಾರುಕಟ್ಟೆಗೆ ಸೇರಿಸಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಮಾರ್ಟಳ್ಳಿ ಕಡೆ ಬಾಡಿಗೆಗೆ ಹೋಗಿದ್ದ ಲಾರಿ ಬಂದದ್ದೇ ತಡವಾಗಿ. ಯಜಮಾನರು ಜ್ವರ ಬಂದು ಮಲಗಿದ್ದರು. ಹಾಗಾಗಿ ಬೆಳಗಾಗುತ್ತಲೇ ಗೂಡಿನ ಕುಕ್ಕೆಗಳನ್ನು ಏರಿಸಿ ನಾನೂ ಅತ್ತೆಯೂ ಹೊರಟೆವು. ಮುಂದಿನ ಸೀಟಿನಲ್ಲಿ ನನಗೂ ಭಾವನಿಗೂ ನಡುವೆ ಅತ್ತೆ ಕೋಟೆಯ ಹಾಗೆ ಕುಳಿತಿದ್ದರು.

ಹನೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಇಂಜಿನ್ ಕೆಮ್ಮತೊಡಗಿತು. ಆಕ್ಸಿಲೇಟರ್ ಒತ್ತಿದರೆ ಅರಚುವುದು, ಎಳೆಯದು. ಕಾಲು ತೆಗೆದರೆ ನಿಂತೇ ಹೋಗುವುದು. ಭಾವ ಲಾರಿಯನ್ನು ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದರು. ಪೆಟ್ರೋಲಿನಲ್ಲಿ ಕಸ ಬಂದಿದೆ ಎಂದು ಕಾರ್ಬೊರೇಟರ್ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಕೂರಿಸಿದರು. ಪ್ಲಗ್ಗುಗಳನ್ನು ಉಜ್ಜಿದರು. ಚಾಲು ಮಾಡಿದರೆ ಮತ್ತೆ ಅದೇ ರಾಗ. ದಾರಿಯಲ್ಲಿ ಹೋಗುತ್ತಿದ್ದ ಎತ್ತಿನಗಾಡಿಯವನೊಬ್ಬ “ದೃಷ್ಟಿಯಾಗದೆ ಸಾ, ನಿಂಬೆಅಣ್ಣು ಕಟ್ಟಿ” ಎಂದು ಬುದ್ಧಿ ಹೇಳಿ ಹೋದ. ಬಿಸಿಲು ಏರುತ್ತಿತ್ತು. ಭಾವ ಇಂಜಿನ್ ನಿಲ್ಲದಂತೆ ಕೈಯಿಂದಲೇ ಆಕ್ಸಿಲೇಟರ್ ಕಡ್ಡಿ ಎಳೆದು ಹಿಡಿದು ಅದರೊಳಗೇ ತಲೆ ತೂರಿಸಿದ್ದರು.

ಹುಳು ಸೊಪ್ಪು ಮೇಯುವ ಸಣ್ಣ ಸದ್ದಿಗೆ ಕಿವಿಗೊಟ್ಟು ಪಳಗಿದವಳು ನಾನು. ಇಂಜಿನ್ನಿನ ಅಬ್ಬರದ ನಡುವೆ ಒಂದು ಕಡೆಯಿಂದ ‘ಸುಯ್’ ಎಂಬ ಸದ್ದು ನನಗೆ ಕೇಳುತ್ತಿತ್ತು. “ಅತ್ತೆ, ಅಲ್ಲಿ ಸುಯ್ ಅಂತಾ ಅದೆ. ಭಾವಂಗೆ ಏಳಿ” ಎಂದು ಪಿಸುಗುಟ್ಟಿದೆ. “ಗಂಡಸ್ರ ಕೆಲ್ಸಕ್ಕೆ ಬಾಯಾಕ್ಬ್ಯಾಡ, ಸುಮ್ನಿರು” ಎಂದರು. ಸುಮ್ಮನೆ ಹಿಂದಕ್ಕೆ ಹೋಗಿ ಕುಕ್ಕೆಯ ಬಟ್ಟೆ ಸರಿಸಿ ನೋಡಿದೆ. ಮೇಲಿದ್ದ ಒಂದು ಗೂಡಿನ ತುದಿ ಒದ್ದೆಯಾಗಿತ್ತು. ಅದರೊಳಗಿಂದ ಚಿಟ್ಟೆಯೊಂದು ರೆಕ್ಕೆ ಮುದುಡಿಕೊಂಡು ಹೊರಗೆ ತೆವಳುತ್ತಿತ್ತು. ಮುಂದಕ್ಕೆ ಓಡಿಬಂದೆ.

“ಭಾವ! ಅದ್ರ ಬುಡದಲ್ಲಿ ಸುಯ್ ಅಂತಾ ಅದೆ! ಎಡಗಡೆ ನೋಡಿ!” ಎಂದು ಕೂಗಿಯೇಬಿಟ್ಟೆ.

ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಭಾವ ತಲೆಯೆತ್ತಿ, ಮೊದಲ ಬಾರಿಗೆ ನೇರವಾಗಿ ನನ್ನ ಮುಖ ನೋಡಿದರು. ಬೈಯುತ್ತಾರೇನೋ ಎಂದುಕೊಂಡೆ. “ಎಲ್ಲಿ ತಂಗ್ಯವ್ವ? ಬಾ, ತೋರ್ಸು” ಎಂದರು.

ಕೈ ತೊಳೆಯಲು ಇಟ್ಟುಕೊಂಡಿದ್ದ ಬಟ್ಟೆ ಸೋಪನ್ನು ಕದಡಿ, ಕಾರ್ಬೊರೇಟರ್ ಇಂಜಿನ್ನಿಗೆ ಕೂಡುವ ಸಂದಿಯ ಸುತ್ತ ನೊರೆ ಬಳಿಯುತ್ತಾ ಹೋದರು. “ಸದ್ದು ನಿಂತ್ರೆ ಏಳು. ನಂಗೆ ಕೇಳಕಿಲ್ಲ ಕಣವ್ವ” ಎಂದರು. ಅವರು ಅದನ್ನು ಒಪ್ಪಿಕೊಂಡದ್ದು ಅವತ್ತೇ. ಒಂದು ಕಡೆ ನೊರೆ ಸರಕ್ಕನೆ ಒಳಗೆ ಹೋಯಿತು, ಸುಯ್ ಎನ್ನುವುದು ನಿಂತಿತು, ಇಂಜಿನ್ ಕ್ಷಣಕಾಲ ಸರಿಯಾಗಿ ಉಸಿರಾಡಿತು. “ನಿಂತೋಯ್ತು ಭಾವ!” ಎಂದೆ.

“ಸಿಕ್ದ ಕಳ್ಳ! ಪ್ಯಾಕಿಂಗ್ ಓಗದೆ. ಅದ್ಕೇ ಬ್ಯಾಡದ ಗಾಳಿ ಎಳ್ಕತಾ ಅದೆ” ಎಂದು ನಟ್ಟು ಬಿಚ್ಚಿದರು. ಸಂದಿಯಲ್ಲಿದ್ದ ಕಾಗದದ ಪ್ಯಾಕಿಂಗ್ ಒಂದು ಬದಿಗೆ ಸೀಳಿತ್ತು. ಹೊಸದು ಕತ್ತರಿಸಲು ದಪ್ಪ ಕಾಗದ ಬೇಕು. ಲಾರಿಯಲ್ಲೆಲ್ಲ ತಡಕಿದರೂ ಸಿಗಲಿಲ್ಲ. ಇದ್ದದ್ದು ಒಂದೇ, ಅತ್ತೆಯ ಮಡಿಲಲ್ಲಿದ್ದ ಮೊಟ್ಟೆ ಹಾಳೆ. ಹುಳುವಿನ ಮೊಟ್ಟೆ ಬರುತ್ತಿದ್ದ ದಪ್ಪ ಹಾಳೆ ಅದು. ಗೂಡು ಮಾರುವವರೆಗೆ ಅದಕ್ಕೆ ಅರಿಶಿನ ಹಚ್ಚಿ ಕಾಪಾಡಬೇಕು, ಹರಿದರೆ ಬೆಳೆ ಕೈಬಿಡುತ್ತದೆ ಎಂದು ಅತ್ತೆ ನಂಬಿದ್ದರು. ಭಾವ ಅದನ್ನು ನೋಡಿದರು, ಕೇಳಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು.

ನಾನು ಅಂಗೈಯಲ್ಲಿ ಆ ಚಿಟ್ಟೆಯನ್ನು ತಂದು ಅತ್ತೆಗೆ ತೋರಿಸಿದೆ. ಅವರು ತುಸು ಹೊತ್ತು ಅದನ್ನೇ ನೋಡಿದರು. ಆಮೇಲೆ ಹಾಳೆಯನ್ನು ಕಣ್ಣಿಗೊತ್ತಿಕೊಂಡು, “ತಕಳ್ಳಪ್ಪ. ಉಳ ಉಟ್ಟಿಸಿದ್ದು ಇದೇಯ, ಗೂಡನ್ನೂ ಇದೇ ಮುಟ್ಟಿಸ್ಲಿ” ಎಂದರು.

ಭಾವ ಹಾಳೆಯನ್ನು ಸಂದಿಯ ಮೇಲಿಟ್ಟು ಸ್ಪ್ಯಾನರಿನಿಂದ ಅಂಚಿನ ಸುತ್ತ ಮೆಲ್ಲಗೆ ಬಡಿದರು. ಬಡಿದ ಗೆರೆಯಲ್ಲೇ ಹಾಳೆ ಕತ್ತರಿಸಿಕೊಂಡು ಬಂತು. ಅದಕ್ಕೆ ಹರಳೆಣ್ಣೆ ಸವರಿ ಕೂರಿಸಿ, ನಟ್ಟುಗಳನ್ನು ಅತ್ತ ಇಷ್ಟು ಇತ್ತ ಇಷ್ಟು ಬಿಗಿದರು. ಲಾರಿ ಮೆಲುಕು ಹಾಕುವ ಎಮ್ಮೆಯ ಹಾಗೆ ಒಂದೇ ಸಮನೆ ಗುರುಗುಟ್ಟತೊಡಗಿತು.

ಕೊಳ್ಳೇಗಾಲದಲ್ಲಿ ಗೂಡು ಇಳಿಸಿದಾಗ ಮೇಲಿನವು ಕೆಲವು ತೂತಾಗಿದ್ದವು, ಉಳಿದದ್ದಕ್ಕೆ ಮೋಸವಿರಲಿಲ್ಲ. ತೋಟ ಉಳಿಯಿತು. ನಾನು ಬಾಗಿಲ ಹಿಂದೆ ಸರಿಯುವುದೂ ನಿಂತಿತು. ಅತ್ತೆ ಆ ಮಾತೇ ಎತ್ತಲಿಲ್ಲ. ಭಾವ ಮಾತ್ರ ಕಂಡಕಂಡವರಿಗೆಲ್ಲ “ನಮ್ ಲಾರಿ ಮೇಸ್ತ್ರಿ ನಮ್ ತಂಗ್ಯವ್ವನೇ ಕಣ್ರಿ” ಎಂದು ಹೇಳಿ ನನ್ನ ಮಾನ ಕಳೆಯುತ್ತಿದ್ದರು.

ಆಮೇಲೆ ಲಾರಿ ಗುಜರಿಗೆ ಹೋಯಿತು. ಭಾವನ ಕಿವಿಯೂ ಪೂರ್ತಿ ಹೋಯಿತು. ಕೂಗಿ ಕೂಗಿ ಬೇಸತ್ತು ಮನೆಯವರು ಅವರೊಡನೆ ಮಾತು ಕಡಿಮೆ ಮಾಡಿದರು. ನಾನು ಬಿಡಲಿಲ್ಲ. ದಿನಾ ಪಕ್ಕದಲ್ಲಿ ಕೂತು ಹುಳುವಿನ ಸುದ್ದಿ, ಮನೆಯ ಸುದ್ದಿ ಎಲ್ಲವನ್ನೂ ಅವರ ಕಿವಿಯಲ್ಲಿ ಕೂಗುತ್ತಿದ್ದೆ. ನಮ್ಮ ಮನೆಯ ಗುಟ್ಟೆಲ್ಲ ಬೀದಿಗೇ ತಿಳಿಯುತ್ತಿತ್ತು. ತಿಳಿದರೆ ತಿಳಿಯಲಿ...

ಅವರನ್ನು ಮಣ್ಣು ಮಾಡಿದ್ದು ಆ ತೋಟದ ಬದುವಿನಲ್ಲೇ. ಸೊಸೆ ಸೊಪ್ಪು ಕುಯ್ಯಲು ಹೋದಾಗ ಈಗಲೂ ನಾನು ಜೊತೆಗೆ ಹೋಗಿ ಬದುವಿನ ಮೇಲೆ ಕೂರುತ್ತೇನೆ. “ಭಾವ, ಈ ಸಲ ಸೊಪ್ಪು ಚೆಂದಾಗದೆ” ಎನ್ನುತ್ತೇನೆ. ಈಗ ಕೂಗುವುದಿಲ್ಲ, ಮೆಲ್ಲಗೇ ಹೇಳುತ್ತೇನೆ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ, ಏಳುವ ಮೊದಲು ಸ್ವಲ್ಪ ಹೊತ್ತು ಕಾಯುತ್ತೇನೆ.