ನೀಲವ್ವನಿಗೆ ಮೊದಲ ಪಿಜ್ಜಾ

ಹೆಂಚೇ ಇಲ್ಲದೆ ಬರೀ ಕಬ್ಬಿಣದ ಸರಳುಗಳ ಮೇಲೆ ಹಸಿ ಹಿಟ್ಟು ಹಾಸಿದರೂ ಅದು ಕೆಂಡಕ್ಕೆ ಬೀಳುವುದಿಲ್ಲ ಎಂಬುದನ್ನು ನಾನು ಈ ಮುಪ್ಪಿನಲ್ಲಿ, ಬೆಂಗಳೂರಿನ ಉಲ್ಲಾಳದಲ್ಲಿ ಮಗಳ ಮನೆಯ ತಾರಸಿಯ ಮೇಲೆ ಕಲಿತೆ. ಕೆಂಡ ನಿಗಿನಿಗಿ ಇರಬೇಕು, ಅಷ್ಟೇ. ಒಂದು ಮಗ್ಗುಲು ಸುಟ್ಟ ಮೇಲೆ ತಿರುವಿ, ಟೊಮೆಟೊ, ಚೀಸು ಹಾಕಿ ಮುಚ್ಚಳ ಮುಚ್ಚಬೇಕು. ಈ ಇದ್ದಿಲ ಒಲೆಗೆ ಇಲ್ಲಿ ಗ್ರಿಲ್ ಎನ್ನುತ್ತಾರೆ. ಅಳಿಯ ತಂದು, ಹೊಗೆ ಕುಡಿದು, ಕೈಬಿಟ್ಟದ್ದು.

ಬಾದಾಮಿ ಕಡೆಯ ನಮ್ಮ ಊರಿನಲ್ಲಿ ನಾನು ಒಲೆಯ ಮುಂದೆ ಕೂತವನಲ್ಲ. ಹೆಂಡತಿ ನೀಲವ್ವ ಬಡಿದ ಜೋಳದ ರೊಟ್ಟಿ ಹೆಂಚಿನಿಂದ ನೇರ ನನ್ನ ತಟ್ಟೆಗೆ ಬೀಳುತ್ತಿತ್ತು. ಆರಿದ್ದರೆ ಎದ್ದು ಹೋಗುತ್ತಿದ್ದೆ. ಅವಳು ಕೊನೆಗೆ ಆರಿದ್ದನ್ನೇ ತಿನ್ನುತ್ತಿದ್ದಳು. ಅದನ್ನು ಪದ್ಧತಿ ಎಂದುಕೊಂಡಿದ್ದೆ. ಇಲ್ಲಿ ಮಗಳ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ನೀಲವ್ವ ಮಾತ್ರ ಇಲ್ಲಿಯೂ ಕೊನೆಯ ತನಕ ನಿಂತೇ ಇರುತ್ತಾಳೆ. ನೋಡಿ ನಾಚಿಕೆಯಾಯಿತು. ಒಮ್ಮೆಯಾದರೂ ಅವಳು ನನ್ನ ಕೈಯಿಂದ, ಎಲ್ಲರಿಗಿಂತ ಮೊದಲು, ಬಿಸಿಯದು ತಿನ್ನಬೇಕೆಂದು ಹಟ ಹುಟ್ಟಿತು. ರೊಟ್ಟಿ ಬಡಿಯಲು ನನಗೆ ಬಾರದು. ಪಿಜ್ಜಾ ಆದರೆ ಹೇಗೋ ಎಳೆಯಬಹುದು.

ಮೊದಲ ದಿನ, ಜೋಳದ ಹಿಟ್ಟಿಗೆ ಹಾಕುವಂತೆ, ಮೈದಾಕ್ಕೂ ಕುದಿಯುವ ಎಸರು ಸುರಿದೆ. ಹಿಟ್ಟು ಉಬ್ಬಲಿಲ್ಲ. ಈಸ್ಟ್ ಕೊಟ್ಟ ಬೇಕರಿಯವನ ಹತ್ತಿರ ಜಗಳಕ್ಕೆ ಹೋದೆ.

"ಯಜಮಾನ್ರೇ, ಈಸ್ಟಿಗೂ ಜೀವ ಇರುತ್ತೆ. ಕುದಿಯೋ ನೀರು ಹಾಕಿ ಸಾಯಿಸ್ಬಿಟ್ಟು ನನ್ನ ಬೈತೀರಲ್ಲ" ಎಂದ.

ಮೊನ್ನೆ ಭಾನುವಾರ ಊರಿನಿಂದ ತಮ್ಮ ಬಸಪ್ಪ ಬಂದಿದ್ದ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದ ಹಿಟ್ಟು ಈ ಸಲ ಉಬ್ಬಿತ್ತು. ತಾರಸಿಯಲ್ಲಿ ಕೂತ ಬಸಪ್ಪ ತಟ್ಟೆ ಚಾಚಿದ. ನಾನು ಅಂಚು ಕಪ್ಪಾದ ಮೊದಲ ಪಿಜ್ಜಾವನ್ನು ನೀಲವ್ವನ ಮುಂದಿಟ್ಟೆ.

"ಅಣ್ಣಾ, ಗಂಡಸರು ಕುಂತೀವಿ. ಹೆಂಗಸರಿಗೆ ಮೊದ್ಲ ಹಾಕ್ತಿಯೇನ? ಬೆಂಗಳೂರಿಗೆ ಬಂದು ಕೆಟ್ಟಿ ನೋಡು."

"ಕೆಟ್ಟೀನಿ. ತಡಿಯಾಕ ಆಗದಿದ್ರ ಕೆಳಗ ಹೋಗಿ ನಿನ್ನಿ ಉಳಿದ ರೊಟ್ಟಿ ತಿನ್ನು."

ನೀಲವ್ವ ತಟ್ಟೆ ಮುಟ್ಟಲಿಲ್ಲ. "ಮೈದುನಗ ಹಾಕ್ರಿ. ನಾ ಆಮ್ಯಾಲೆ ತಿಂತೀನಿ."

"ನೀ ತಿನ್ನೂತನಕ ಒಲಿ ಖಾಲೀನ ಇರತೈತಿ" ಎಂದು ಇಕ್ಕಳ ಹಿಡಿದು ನಿಂತೆ. ಕೆಂಡಕ್ಕೆ ಬೂದಿ ಕವಿಯುತ್ತಿತ್ತು. ಕೊನೆಗೆ ಅವಳು ಮೈದುನನಿಗೆ ಬೆನ್ನು ಮಾಡಿ ಒಂದು ತುತ್ತು ಕಚ್ಚಿದಳು.

"ಉಪ್ಪು ಕಡಿಮಿ ಆಗೈತಿ ನೋಡ್ರಿ."

ಊಟದಲ್ಲಿ ಅವಳು ಕೊರತೆ ಎತ್ತಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಯುಗಾದಿಗೆ ಊರಿಗೆ ಹೋಗುತ್ತೇವೆ. ಅಲ್ಲಿ ನನಗೇ ಮೊದಲು ಬಡಿಸುತ್ತಾರೆ, ಆ ರೊಟ್ಟಿಯ ವಾಸನೆಗೆ ಈಗಲೂ ನನ್ನ ಬಾಯಲ್ಲಿ ನೀರು ಬರುತ್ತದೆ. ತಟ್ಟೆಯನ್ನು ನೀಲವ್ವನ ಕಡೆ ಸರಿಸಿದರೆ ನಾನು ಊರಿನವನಲ್ಲ. ಸರಿಸದಿದ್ದರೆ ಉಲ್ಲಾಳಕ್ಕೆ ಯಾವ ಮುಖ ಹೊತ್ತು ಬರಲಿ? ಸರಿಸುತ್ತೇನೆ. ಆಮೇಲೆ ನಾನು ಎಲ್ಲಿಯವನೆಂದು ಅವರೇ ಹೇಳಲಿ.