ಕನ್ನಡಿಯಕ್ಕನ ದಾರ

ಧಾರಾವಾಹಿ ಶುರುವಾಗುವ ಮೊದಲು ತೆರೆಯ ಮೇಲೆ ಚಿತ್ರಗಳೊಂದಿಗೆ ಹೆಸರುಗಳು ಬರುತ್ತವಲ್ಲ, ಅವನ್ನು ರೂಪಿಸುವುದು ನನ್ನ ಅತ್ತಿಗೆಯ ಕಸುಬು. ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಕರೆಯುವುದು ಕನ್ನಡಿಯಕ್ಕ ಎಂದು. ಮಾಡಿ ಮುಗಿಸಿದ್ದನ್ನು ಅವರು ಪರದೆಯಲ್ಲಿ ನೋಡುವುದಿಲ್ಲ. ಪರದೆಗೆ ಬೆನ್ನು ಮಾಡಿ ಕುಳಿತು, ಮೇಜಿನ ಮೇಲಿನ ಕನ್ನಡಿಯಲ್ಲಿ ನೋಡುತ್ತಾರೆ. “ನಾನೇ ಜೋಡಿಸಿದ ಅಕ್ಷರ ನೋಡು, ಕಣ್ಣು ಓದೋದೇ ಇಲ್ಲ, ಗೊತ್ತಿದೆ ಅಂತ ಹಾರಿಬಿಡುತ್ತೆ. ತಿರುಗಿಸಿ ಇಟ್ರೆ ಪಾಪ, ಒಂದನೇ ಕ್ಲಾಸಿಗೆ ಬಂದು ಕೂರುತ್ತೆ.”

ನನಗಿದು ಒಪ್ಪಿಗೆಯಾಗಿರಲಿಲ್ಲ. ತಿರುಗಿದ ಅಕ್ಷರ ಓದುವ ಕಷ್ಟವೂ ಹೊಸ ಓದುಗರ ಕಷ್ಟವೂ ಒಂದೇ ಎನ್ನಲು ಆಧಾರವೇನು? ಕೇಳಿದರೆ, “ನೀನು ಆಧಾರ ಹುಡುಕ್ತಿರು ಮೈದುನರಾಯ, ನಾನು ಶನಿವಾರ ಕೆಲಸ ಒಪ್ಪಿಸ್ಬೇಕು,” ಎಂದು ನಗುತ್ತಿದ್ದರು.

ಆ ಸಲದ ಧಾರಾವಾಹಿ ಕೈ ನಡುಗುವ ಒಬ್ಬ ಮುದುಕ ದರ್ಜಿಯದು. ಅತ್ತಿಗೆ ಅದಕ್ಕೊಂದು ಗುರುತು ಕಟ್ಟಿದ್ದರು: ಬೂದು ಬಟ್ಟೆಯ ಮೇಲೆ ಕೆಂಪು ದಾರವೊಂದು ಹರಿದು ಬರುತ್ತದೆ, ಸೂಜಿಯ ಕಣ್ಣಿಗೆ ಸಿಗದೆ ಒಮ್ಮೆ ತಪ್ಪುತ್ತದೆ, ಮತ್ತೆ ತೂರಿಕೊಂಡು ಧಾರಾವಾಹಿಯ ಹೆಸರನ್ನು ಹೊಲಿಯುತ್ತದೆ. ಒಂದೇ ಒಂದು ಮುಖವನ್ನೂ ತೋರಿಸದೆ ಅದು ಇಡೀ ಕಥೆಯ ಸ್ವಭಾವವನ್ನು ಹೇಳಿಬಿಟ್ಟಿತ್ತು. ಮೆಚ್ಚುವುದರಲ್ಲಿ ಜಿಪುಣನಾದ ನಾನೂ ಸೋತೆ. ಆಮೇಲೆ ಚೌಕಟ್ಟಿನ ಬೇರೆ ಬೇರೆ ಮೂಲೆಗಳಲ್ಲಿ, ಕೆಲಸ ಮಾಡಿದವರ ಹೆಸರುಗಳು.

ನಿರ್ಮಾಪಕರು ನೋಡಿ, “ಚೆಂದ ಇದೆ ಅಕ್ಕ. ಅರ್ಧ ಮಾಡಿ. ಜಾಹೀರಾತಿಗೆ ಜಾಗ ಬೇಕು,” ಎಂದರು.

“ದಾರ ಕತ್ತರಿಸ್ಲಾ, ಹೆಸರು ಕತ್ತರಿಸ್ಲಾ?”

“ದಾರ ಇರ್ಲಿ, ಅದೇ ನಮ್ಮ ಗುರುತು. ಹೆಸರು ಓಡಿಸಿ. ಬಡಗಿ ಹೆಸರು ಯಾರು ಓದ್ತಾರೆ?”

“ಅವರಮ್ಮ ಓದ್ತಾರೆ ಸಾರ್.”

ಅದು ಬಾಯಿಗೆ ಬಂದ ಮಾತಾಗಿರಲಿಲ್ಲ. ಆ ಬಡಗಿ ನನ್ನ ಅಣ್ಣ. ತೆರೆಯ ಮೇಲೆ ಕಾಣುವ ಬಾಗಿಲು, ಕಿಟಕಿ, ಗೋಡೆಗಳೆಲ್ಲ ಅವನ ಕೈಯವು. ಅಮ್ಮ ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ. ತುಟಿಯಲ್ಲೇ ಕೂಡಿಸಿಕೊಂಡು ಓದುತ್ತಾರೆ. ಹಿಂದಿನ ಧಾರಾವಾಹಿಗಳಲ್ಲಿ ಅಣ್ಣನ ಹೆಸರಿನ ಮೊದಲಕ್ಷರ ಹಿಡಿಯುವಷ್ಟರಲ್ಲಿ ಅದು ಮಾಯ. “ಬಂತಾ? ಹೋಯ್ತಾ?” ಎಂದು ಚಡಪಡಿಸುತ್ತಿದ್ದರು. ಅತ್ತಿಗೆ, “ನಾನು ಓದಿ ಹೇಳ್ಲಾ ಅತ್ತೆ?” ಎಂದರೆ, “ನೀನ್ಯಾಕೆ ಓದ್ತೀಯ? ನನ್ನ ಮಗ,” ಎಂದು ಗದರುತ್ತಿದ್ದರು.

ಅತ್ತಿಗೆ ಹೆಸರುಗಳನ್ನು ಓಡಿಸಿ, ಕನ್ನಡಿಯ ಮುಂದೆ ಕುಳಿತರು. ತಪ್ಪು ಹುಡುಕಲೆಂದೇ ನಾನೂ ಪಕ್ಕದಲ್ಲಿ ಕುಳಿತೆ. ಹೆಸರುಗಳು ಮಿಂಚಿ ಮರೆಯಾದವು. ಅವುಗಳ ಪಕ್ಕದಲ್ಲೇ ಕನ್ನಡಿಯಲ್ಲಿ ನನ್ನ ಮುಖವೂ ಕಾಣುತ್ತಿತ್ತು. ಅತ್ತಿಗೆ ಅದನ್ನೇ ದಿಟ್ಟಿಸಿದರು.

“ನೀನು ಓದ್ತಿಲ್ಲ ಕಣೋ, ಹುಡುಕ್ತಿದ್ದೀಯ. ಕೋಳಿ ಥರ ಕತ್ತು ಆಡಿಸ್ತಿದ್ದೀಯ!”

ನಿಜ. ಮುಂದಿನ ಹೆಸರು ಯಾವ ಮೂಲೆಯಲ್ಲಿ ಹುಟ್ಟೀತೆಂದು ಅರಸುವುದರಲ್ಲೇ ಕಣ್ಣಿನ ಹೊತ್ತು ಸೋರಿಹೋಗುತ್ತಿತ್ತು. ಕನ್ನಡಿ ಓದಿನ ವೇಗವನ್ನು ಅಳೆಯುತ್ತದೆ ಎಂಬುದನ್ನು ನಾನು ಈಗಲೂ ಒಪ್ಪುವುದಿಲ್ಲ. ಅಂದು ಅದು ತೋರಿಸಿಕೊಟ್ಟದ್ದು ಓದುವವನನ್ನು. ಅದನ್ನು ಕಂಡದ್ದು ಅತ್ತಿಗೆ.

ಅವರು ಹೆಸರುಗಳನ್ನು ಮೂಲೆಗಳಿಂದ ಕಿತ್ತರು. ದಾರ ಸೂಜಿಯತ್ತ ಸಾಗುವ ಹಾದಿಯಲ್ಲೇ ಅವನ್ನು ಹೊಲಿಗೆಗಳಂತೆ ಒಂದೊಂದಾಗಿ ಮೂಡಿಸಿದರು. ದಾರದ ಹೊತ್ತೂ ಹೆಸರುಗಳ ಹೊತ್ತೂ ಒಂದೇ ಆಯಿತು; ದಾರದ ತುದಿ ಹಿಡಿದ ಕಣ್ಣಿಗೆ ಅರಸುವ ಕೆಲಸವೇ ಉಳಿಯಲಿಲ್ಲ.

“ಅರ್ಧವೇ ಆಯ್ತಲ್ಲ! ಏನು ತೆಗೆದ್ರಿ ಅಕ್ಕ?” ಎಂದರು ನಿರ್ಮಾಪಕರು.

“ಏನೂ ಇಲ್ಲ ಸಾರ್. ನಡುವಿನ ಅಲೆದಾಟ.”

ಮೊದಲ ಕಂತಿನ ಸಂಜೆ ಅಮ್ಮ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಕೆಂಪು ದಾರ ಹೊರಟಿತು. ಅಮ್ಮನ ಬೆರಳು ಗಾಳಿಯಲ್ಲಿ ಅದರ ಹಿಂದೆಯೇ ನಡೆಯಿತು, ಒಂದೆಡೆ ನಿಂತಿತು. ತುಟಿಗಳು ಅಲುಗಿದವು. ಸೂಜಿ ಬರುವ ಮೊದಲೇ ಅಣ್ಣನ ಹೆಸರು ಇಡಿಯಾಗಿ, ಗಟ್ಟಿಯಾಗಿ ಹೊರಬಂತು.

“ಪೂರ್ತಿ ಬಂತು ಕಣೋ ನಿನ್ನ ಹೆಸರು!”

ಉಗುರಿಗಂಟಿದ ಅಂಟನ್ನು ಕೆರೆಯುತ್ತಿದ್ದ ಅಣ್ಣ ತಲೆಯೆತ್ತದೆ, “ನೀನು ಪೂರ್ತಿಯೇ ಇಟ್ಟಿದ್ಯಲ್ಲಮ್ಮ,” ಎಂದ.

ಅಮ್ಮ ಸೊಸೆಯ ಕಡೆ ತಿರುಗಿದರು. “ನಿಂದು ನಾಳೆ ಓದ್ತೀನಿ ಕಣೇ. ಇವತ್ತು ಇವನ ಹೆಸರಿನ ಹತ್ರಾನೇ ಕೂತುಬಿಟ್ಟೆ.”