ಬೀದಿಗೆ ಹಾಸಿದ ಹುಲ್ಲು

ಲಂಡನ್ನಿನ ರೋಗಿಗಳ ಹಾಸಿಗೆ ಪಕ್ಕದಲ್ಲಿ ಕೂತು ಕೂತೇ ಹೆಸ್ಟರ್ ಪಿಮ್ ಮುದುಕಿಯಾದಳು. ಬಾಯಿ ಒರಟು, ಕೈ ಮೆದು. ನನ್ನದು ಕುದುರೆ ಲಾಯ. ಯಾರ ಮನೆಯಲ್ಲಿ ಕಾಯಿಲೆ ಜೋರಾದರೂ ಗಾಡಿ ಸದ್ದು ಅಡಗಲೆಂದು ಬೀದಿಗೆ ಹಾಸುವ ಹುಲ್ಲು ನನ್ನಲ್ಲಿಂದಲೇ ಹೋಗುತ್ತಿತ್ತು.

ನನ್ನ ಲಾಯದ ಎದುರು ಮನೆಯ ಬಟ್ಟೆ ವ್ಯಾಪಾರಿ ಲಡ್ಲೋಗೆ ಜ್ವರ ಇಳಿದಿತ್ತು. ನಿದ್ದೆಯೊಂದು ಬಂದರೆ ಸಾಕೆಂದು ಹೆಸ್ಟರ್ ಹುಲ್ಲು ಹಾಸಿಸಿದಳು. ಅದೇ ಎಡವಟ್ಟಾಯಿತು. ಆಗೆಲ್ಲ ಕಾಫಿ ಅಂಗಡಿಯಲ್ಲಿ ಕೂತು ಯಾರು ಯಾರ ಜೀವದ ಮೇಲಾದರೂ ವಿಮೆ ಮಾಡಿಸಬಹುದಿತ್ತು, ಗುರುತು ಪರಿಚಯವೂ ಬೇಡ. ಹೆಸರಿಗೆ ವಿಮೆ, ನಡೆಯುತ್ತಿದ್ದದ್ದು ಜೂಜು. ಸಾವು ಹತ್ತಿರ ಕಂಡಷ್ಟೂ ವಿಮೆಯ ದರ ಏರುತ್ತಿತ್ತು. ಹುಲ್ಲು ಕಂಡದ್ದೇ ತಡ, ಹದ್ದುಗಳು ಎರಗಿದವು.

“ಕ್ರಿಸ್‌ಮಸ್ಸಿನೊಳಗೆ ನೀವು ಹೋದ್ರೆ ನೂರು ಪೌಂಡ್ ಸಿಗೋ ವಿಮೆಗೆ ತೊಂಬತ್ತು ಕೇಳ್ತಿದಾರೆ, ಯಜಮಾನ್ರೇ,” ಎಂದು ಕ್ಷೌರಿಕ ಗಡ್ಡ ಹೆರೆಯುತ್ತಾ ಊದಿಬಿಟ್ಟ. ಅವನ ನಾಲಿಗೆಗೆ ಬೆಂಕಿ ಬೀಳ.

ಲಡ್ಲೋ ಗೋಡೆ ಕಡೆ ತಿರುಗಿ ಮಲಗಿದ. ಗಂಜಿ ಮುಟ್ಟಲಿಲ್ಲ.

“ದಂಡ ಕಣಮ್ಮ. ಇಷ್ಟು ವರ್ಷ ವ್ಯಾಪಾರ ಮಾಡಿದೀನಿ, ಪೇಟೆ ದರ ಸುಳ್ಳು ಹೇಳಲ್ಲ.”

“ದರ ಏರ್ಸಿದ್ದು ನಾನು ಹಾಕ್ಸಿದ ಹುಲ್ಲು, ಯಜಮಾನ್ರೇ. ನಿಮ್ಮ ನಿದ್ದೆಗೆ ಅಂತ.”

“ಸಮಾಧಾನಕ್ಕೆ ಹೇಳ್ತೀಯ.”

ಮಾರನೆಯ ದಿನವೂ ಹಾಗೇ. ಅದರ ಮರುದಿನ ಅವನಿಗೆ ತಲೆ ಎತ್ತಲೂ ಆಗಲಿಲ್ಲ. ಹೆಸ್ಟರ್ ನನ್ನಲ್ಲಿಗೆ ಓಡಿಬಂದಳು.

“ನಿನ್ನ ಹುಲ್ಲು ಎತ್ಕೋ.”

“ನಿದ್ದೆ ಇಲ್ದೆ ಸಾಯ್ತಾನಲ್ಲೇ.”

“ನಿದ್ದೆ ಇಲ್ದೆ ನಾಳೆ ಸಾಯ್ಬೋದು. ಗಂಜಿ ಇಲ್ದೆ ಇವತ್ತೇ ಸಾಯ್ತಾನೆ.”

ಇಬ್ಬರೂ ಸೇರಿ ಬಾಚಿದೆವು. ಬರಿಗಲ್ಲಿನ ಮೇಲೆ ಗಾಡಿಗಳು ಗಡಗಡ ಉರುಳಿದಾಗಲೆಲ್ಲ ಅವನ ಕಿಟಕಿ ಗಾಜು ನಡುಗುತ್ತಿತ್ತು. ಸಂಜೆ ಜೂಜಿನವರು ಬಂದು ನೋಡಿದರು. ಬಾಗಿಲಲ್ಲಿ ಸಾವಿನ ಕರಿಬಟ್ಟೆಯಿಲ್ಲ, ಬೀದಿಯಲ್ಲಿ ಹುಲ್ಲಿಲ್ಲ. ಅಂದರೆ ಮುದುಕ ಚೇತರಿಸಿಕೊಂಡ. ಮುಖ ಸಿಂಡರಿಸಿಕೊಂಡು ಹೋದರು. ಹೆಸ್ಟರ್ ಮಾತ್ರ ಗಂಜಿಯನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಾ, ಅವನ ಉಸಿರು ನೋಡುತ್ತಾ ಕೂತಳು.

ಬೆಳಿಗ್ಗೆ ಕ್ಷೌರಿಕ ಬಂದ. “ಇಪ್ಪತ್ತಕ್ಕೆ ಇಳಿದಿದೆ, ಯಜಮಾನ್ರೇ. ಕೊಳ್ಳೋರೇ ಇಲ್ಲ.”

ಲಡ್ಲೋ ಕಣ್ಣು ತೆರೆದ. “ಎಷ್ಟಂದೆ?” ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಬಟ್ಟಲಿಗೆ ಕೈ ಚಾಚಿದ.

ಪೇಟೆಯೇ ತನ್ನನ್ನು ಉಳಿಸಿತು ಎಂದು ಅವನು ಬದುಕಿದ್ದಷ್ಟು ಕಾಲ ಹೇಳಿಕೊಂಡು ತಿರುಗಿದ. ನನಗೆ ಮೈ ಉರಿಯುತ್ತಿತ್ತು. ಹೆಸ್ಟರ್ ನಗುತ್ತಿದ್ದಳು.

ಕೊನೆಗೆ ಅವಳೇ ಹಾಸಿಗೆ ಹಿಡಿದಳು. ಅವಳ ಜೀವಕ್ಕೆ ದರ ಕಟ್ಟಲು ಯಾವ ಕಾಫಿ ಅಂಗಡಿಗೂ ಅವಳ ಹೆಸರು ಗೊತ್ತಿರಲಿಲ್ಲ. ನಾನು ಲಾಯದ ಒಳ್ಳೆಯ ಹುಲ್ಲು ಹೊತ್ತು ತಂದು ಅವಳ ಓಣಿಯ ಉದ್ದಕ್ಕೂ ಹಾಸಿದೆ.

“ಈ ಓಣಿಗೆ ಗಾಡೀನೇ ಬರಲ್ವಲ್ಲೋ, ದಡ್ಡ,” ಎಂದು ಬೈದಳು. ಬೈಯುತ್ತಲೇ ನಿದ್ದೆ ಹೋದಳು.